ಬಳ್ಳೊಳ್ಳಿ ಇಲ್ಲದ ತಿಂಗಳು

ಶ್ರಾವಣ ಬಂತೆಂದರೆ ನನ್ನ ಅತ್ತೆ ಬಳ್ಳೊಳ್ಳಿಯ ಬುಟ್ಟಿಯನ್ನು ಅಡುಗೆಮನೆಯಿಂದ ಹೊರಗೆ ಹಾಕುತ್ತಿದ್ದರು. ರಂಗಂಪೇಟೆಯ ತವರಿನಿಂದ ತಂದ ವ್ರತ. ಯಾದಗಿರಿಯ ನಮ್ಮ ಬಾಡಿಗೆ ಮನೆಗೂ ಪಾತ್ರೆ ಪಡಗದ ಜೊತೆ ಅದೂ ಬಂದಿತ್ತು. ಆ ವರ್ಷ ಒಂದು ಸೋಮವಾರ, ಊಟಕ್ಕೆ ಕುಳಿತ ನನ್ನ ಗಂಡನ ಹತ್ತಿರ ಬಂದವರೇ ಮೂಗು ಸಿಂಡರಿಸಿದರು.

“ಬಳ್ಳೊಳ್ಳಿ ತಿಂದು ಬಂದೀಯಲ್ಲೋ! ಒಂದು ತಿಂಗಳು ನಾಲಿಗಿ ಹಿಡಿಯಾಕ ಆಗೂದಿಲ್ಲೇನು?”

“ತಿಂದಿಲ್ಲವ್ವ, ನಿನ್ನಾಣಿ.”

ಅತ್ತೆ ನಂಬಲಿಲ್ಲ. ನಾನು ನಂಬಿದೆ, ನಂಬಿದ್ದಕ್ಕೇ ಹೆದರಿದೆ. ಶಹಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು ನಾನು. ಸೆಲೆನಿಯಂ ವಿಷ ಮೈಸೇರಿದವರ ಉಸಿರು ಬಳ್ಳೊಳ್ಳಿ ನಾರುತ್ತದೆ ಎಂದು ಓದಿದ್ದೆ.

ಸೈದಾಪುರದ ಆಚೆ ಒಂದು ಸಣ್ಣ ಘಟಕದಲ್ಲಿ ಇವರ ಕೆಲಸ, ಹೊಸ ಹರಳು ಬೆಳೆಸುವುದು. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಒಂದು ಕಡೆಯಿಂದ ಬಿಟ್ಟರೆ ಇನ್ನೊಂದು ಕಡೆ ಅದು ಬೇರೆಯೇ ತರಂಗದ ಬೆಳಕಾಗಿ ಹೊರಬರಬೇಕು, ಅಂಥ ಹರಳು. ಸೆಲೆನಿಯಂ ಜೊತೆ ಲೋಹಗಳನ್ನು ಕೂಡಿಸಿ, ಕ್ವಾರ್ಟ್ಜ್ ಕೊಳವೆಯಲ್ಲಿ ಮುಚ್ಚಿ, ಕುಲುಮೆಯಲ್ಲಿ ಕರಗಿಸಿ, ವಾರಗಟ್ಟಲೆ ಮೆಲ್ಲಗೆ ಆರಿಸಬೇಕು. ತುಸು ಅವಸರವಾದರೂ ಬಿರುಕು. ಕೊಳವೆ ಒಡೆದರೆ ಹೊಗೆ. ಹೊಗೆ ಎಳೆಯುವ ಫ್ಯಾನು ಕೆಟ್ಟು ಎಷ್ಟೋ ದಿನವಾಗಿತ್ತು, ಮಾಲಕರ ಬಾಯಲ್ಲಿ ಮಾತ್ರ ದಿನಾ ರಿಪೇರಿಯಾಗುತ್ತಿತ್ತು.

“ಡಾಕ್ಟರ ಹತ್ರ ನಡೀರಿ. ಆ ಕೆಲಸ ಬಿಡ್ರಿ,” ಅಂದೆ.

“ಈ ಸಲ ಪಾಕ ಸರಿ ಬಂದದ. ಒಂದು ಹರಳು ಬಿರುಕಿಲ್ಲದ ಬರ್ಲಿ, ಬಿಡ್ತೀನಿ.”

ಆ ವಾಸನೆ ವಿಷದ್ದೆಂದು ಅತ್ತೆಗೂ ಹೇಳಿದೆ. “ಬಳ್ಳೊಳ್ಳಿ ವಾಸನಿಗಿ ಯಾರರೆ ಸಾಯ್ತಾರೇನು?” ಎಂದು ನಕ್ಕುಬಿಟ್ಟರು.

ಶ್ರಾವಣ ಮುಗಿದದ್ದೇ ತಡ, ಇವರಿಗೆ ಎರಡು ಹೊತ್ತೂ ಬಳ್ಳೊಳ್ಳಿ ಖಾರ ಬೇಕಾಯಿತು. ಅತ್ತೆ ಹಿಗ್ಗಿನಿಂದ ಕುಟ್ಟಿಕೊಟ್ಟರು. ನನ್ನ ಕಡೆ ನೋಡದೆ, ರೊಟ್ಟಿಗೆ ಬಳಿದುಕೊಂಡು ತಿನ್ನುತ್ತಿದ್ದರು ಇವರು. ನನಗೇನು ತಿಳಿಯದೇ? ಉಸಿರಿನ ವಾಸನೆ ಖಾರದ್ದೋ ಕುಲುಮೆಯದ್ದೋ ಎಂದು ಇನ್ನು ಯಾರೂ ಹೇಳುವಂತಿರಲಿಲ್ಲ. ಕುಟ್ಟುವ ಸದ್ದು ಕೇಳಿದರೆ ಮೈ ಉರಿಯುತ್ತಿತ್ತು. ಜಗಳಾಡಿದೆ, ಮಾತು ಬಿಟ್ಟೆ, ಮತ್ತೆ ಜಗಳಾಡಿದೆ. ಗೋಡೆಗೆ ಹೇಳಿದಂತಾಯಿತು. ಬೇಸಿಗೆಯ ಹೊತ್ತಿಗೆ ತಲೆದಿಂಬಿನ ಮೇಲೆ ಕೂದಲು, ಉಗುರಿನ ಮೇಲೆ ಬಿಳಿ ಗೀರು. “ಬಿಸಲಿಗಿ ಹಂಗ ಆಗ್ತದ,” ಎಂದು ಅತ್ತೆ ಮಗನ ತಲೆಗೆ ಎಣ್ಣೆ ತಿಕ್ಕಿದರು.

ನಾನು ಮುಂದಿನ ಶ್ರಾವಣಕ್ಕೆ ಕಾದೆ. ಆಗ ವಾಸನೆ ಮುಚ್ಚಲು ಮನೆಯಲ್ಲಿ ಏನೂ ಇರುವುದಿಲ್ಲ. ಅತ್ತೆ ನನ್ನ ಮಾತು ನಂಬದಿದ್ದರೂ ತಮ್ಮ ಮೂಗನ್ನು ನಂಬಿಯಾರು. ಆಷಾಢದ ಅಮಾವಾಸ್ಯೆಯ ಹಿಂದಿನ ದಿನ ಇವರು ಬಟ್ಟೆಯ ಚೀಲ ಕಟ್ಟಿದರು. ಕುಲುಮೆ ಕಾಯಬೇಕಂತೆ, ತಿಂಗಳು ಪೂರ್ತಿ ಅಲ್ಲೇ ವಸತಿಯಂತೆ.

ಅತ್ತೆ ಕಟ್ಟಿಕೊಟ್ಟ ಬುತ್ತಿ ಹಿಡಿದು ಒಂದು ದಿನ ರೈಲು ಹತ್ತಿದೆ. ಇವರು ಘಟಕದ ಗೇಟಿನವರೆಗೆ ಓಡಿಬಂದು ಅಂಗೈ ತೆರೆದರು. ಹುಣಸೆಬೀಜದಷ್ಟು ಹರಳು, ಕಡುಗೆಂಪು, ಒಂದೂ ಬಿರುಕಿಲ್ಲ. “ಬೆಳಕು ಹಾಯಿಸಿ ನೋಡೀವಿ. ಬಂತು!” ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು, ಉಗುರು ಕಿತ್ತು ಬಂದಿದ್ದವು. ಅಷ್ಟು ಖುಷಿಯಲ್ಲಿ ಇವರನ್ನು ಮದುವೆಯ ದಿನವೂ ಕಂಡಿರಲಿಲ್ಲ. ಅಲ್ಲೂ ಬಳ್ಳೊಳ್ಳಿ ಮುಟ್ಟಿಲ್ಲವಂತೆ, ಆದರೂ ಮಾತಾಡಿದಾಗಲೆಲ್ಲ ಆ ವಾಸನೆ ಮುಖಕ್ಕೆ ಬಡಿಯಿತು. ನನಗೆ ಅಳು ಬಂತು.

“ಹರಳು ಬಂತಲ್ಲ. ಈಗ ಮನಿಗಿ ನಡೀರಿ.”

“ಇದು ಭಾಳ ಸಣ್ಣದು. ದೊಡ್ಡದು ಬೆಳಸ್ರಿ ಅಂತ ಮಾಲಕರು ಅಂದಾರ.”

ಸಂಜೆ ಮನೆಗೆ ಬಂದಾಗ ಅತ್ತೆ ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. “ಅಲ್ಲಿ ಬಳ್ಳೊಳ್ಳಿ ತಿನ್ನಾಕತ್ತಾನೇನು?”

“ಇಲ್ರಿ ಅತ್ತಿ. ಒಂದು ಎಸಳೂ ಮುಟ್ಟಿಲ್ಲ. ವಾಸನಿ ಮಾತ್ರ ಹ್ವಾದ ವರ್ಷಕ್ಕಿಂತ ಜಾಸ್ತಿ ಅದ. ಎರಡು ಉಗುರು ಬಿದ್ದಾವ್ರಿ.”

ಅತ್ತೆ ಎಣ್ಣೆಯ ಗಿಂಡಿ ಕೆಳಗಿಟ್ಟರು. ತಮ್ಮ ಅಂಗೈಗಳನ್ನೇ ನೋಡಿಕೊಂಡರು.

“ವರ್ಷಪೂರ್ತಿ ಕುಟ್ಟಿ ಕೊಟ್ಟಾಕಿ ನಾನ ಅಲ್ಲೇನ ತಂಗಿ?”

ದೊಡ್ಡ ಹರಳು ಕುಲುಮೆಯಲ್ಲಿದೆ ಎಂದು ಇವರ ಫೋನು ಬಂತು. ಶ್ರಾವಣ ಮುಗಿಯಿತು. ಅತ್ತೆ ಬಳ್ಳೊಳ್ಳಿಯ ಬುಟ್ಟಿಯನ್ನು ಒಳಗೆ ತರಲಿಲ್ಲ. ಇವರೂ ಕುಲುಮೆ ಬಿಟ್ಟು ಮನೆಗೆ ಬರಲಿಲ್ಲ.