ಅವ್ವ ಬಸ್ಯಾನನ್ನು ಕರೆದ ಸಂಜೆ

ದೆವ್ವ, ಗಾಳಿ ಎಂದವರನ್ನೆಲ್ಲ ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ಗೇಲಿ ಮಾಡಿದವನು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನಮ್ಮೂರು ಸತ್ತಿಯ ಹೊಳೆದಂಡೆಯಲ್ಲಿ ಆ ಸಂಜೆ ಆದದ್ದು ಏನೆಂದು ಎಷ್ಟು ತಲೆ ಕೆಡಿಸಿಕೊಂಡರೂ ತಿಳಿದಿಲ್ಲ. ನಗುವವರು ನಗಲಿ.

ನಾನು ನಮ್ಮೂರ ಬಯಲಾಟದ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು. ಕೆಲವು ವರ್ಷಗಳ ಹಿಂದೆ ಸೂಜಿನ್ ಎಂಬ ಕೊರಿಯಾದ ನರ್ತಕಿ ಬಂದು, ನಮ್ಮ ಮೇಳದ ಜೊತೆ ಸೇರಿ ಮಹಾಭಾರತದ ಕೊನೆಯ ಭಾಗವನ್ನು ಕುಣಿತದಲ್ಲಿ ಆಡಿಸಿದಳು. ಗದೆಯಿಲ್ಲ, ಕಿರೀಟವಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದ ಗಾಂಧಾರಿ ರಣಭೂಮಿಯಲ್ಲಿ ಬಿದ್ದ ಮಕ್ಕಳ ಮುಖವನ್ನು ಮುಟ್ಟಿ ಮುಟ್ಟಿ ಗುರುತಿಸುತ್ತಾಳೆ, ಅಷ್ಟೇ. ಗಾಂಧಾರಿ ಅವಳೇ. ಮಕ್ಕಳಾಗಿ ನಮ್ಮ ಹುಡುಗರು ಹೊಳೆಯ ಉಸುಕಿನಲ್ಲಿ ಕಂಬಳಿ ಹೊದ್ದು ಮಲಗುವುದು. “ಇದೆಂಥಾ ಆಟರೀ, ಎಲ್ಲಾರೂ ಸತ್ತ ಮ್ಯಾಲ ಚಾಲೂ ಆಗ್ತೈತಿ!” ಎಂದು ಊರವರು ನಕ್ಕರು.

ನಮ್ಮ ಮೇಳದಲ್ಲೊಂದು ರೂಢಿಯಿದೆ. ಆಟದಲ್ಲಿ ಸತ್ತವನು ತಾನಾಗಿ ಏಳುವ ಹಾಗಿಲ್ಲ. ಮನೆಯವರು ಬಂದು ಅವನ ಸ್ವಂತ ಹೆಸರು ಹಿಡಿದು ಕರೆದ ಮೇಲೆಯೇ ಏಳಬೇಕು. ಸೂಜಿನ್‌ಗೆ ಇದು ಬಹಳ ಹಿಡಿಸಿತು. ಎಲ್ಲರೂ ಎದ್ದ ಮೇಲೆಯೇ ಕಣ್ಣಿನ ಬಟ್ಟೆ ಬಿಚ್ಚುತ್ತೇನೆ ಎಂದಳು.

ಇದೇ ರೂಢಿ ನಮ್ಮ ಅವ್ವನ ಕೊರಳಿಗೆ ಉರುಲಾಗಿತ್ತು. ಮೇಳದಲ್ಲಿ ಅಭಿಮನ್ಯುವಾಗಿ ಸಾಯುತ್ತಿದ್ದ ನನ್ನ ತಮ್ಮ ಬಸ್ಯಾ, ಸೂಜಿನ್ ಬರುವುದಕ್ಕೂ ಮೊದಲು, ಎಮ್ಮೆ ಹೊಡೆದುಕೊಂಡು ಬರಲು ಹೋಗಿ ಇದೇ ಕೃಷ್ಣಾ ಹೊಳೆಯ ನೆರೆಯಲ್ಲಿ ಕೊಚ್ಚಿಹೋಗಿದ್ದ. ಹೆಣ ಸಿಗಲಿಲ್ಲ. ಆಟ ಮುಗಿದಾಗಲೆಲ್ಲ ಅವನನ್ನು ಕರೆದು ಎಬ್ಬಿಸುತ್ತಿದ್ದ ಅವ್ವ, ಅಂದಿನಿಂದ ಅವನ ಹೆಸರನ್ನೇ ಬಾಯಿಗೆ ತರಲಿಲ್ಲ. ತಿಥಿಕಾರ್ಯ ಮಾಡಲೂ ಬಿಡಲಿಲ್ಲ. ದಿನಾ ಅವನ ಪಾಲಿನ ರೊಟ್ಟಿ ಮುಚ್ಚಿಡುತ್ತಿದ್ದಳು. “ಒಮ್ಮೆ ಹೆಸರರ ಹೇಳ ಬೇ” ಅಂದರೆ, “ಕರದ್ರ ಏಳಬೇಕಪಾ. ಏಳಲಿಲ್ಲಂದ್ರ?” ಎನ್ನುತ್ತಿದ್ದಳು.

ಆಟದ ದಿನ, ಹೊತ್ತು ಮುಳುಗುತ್ತಿರುವಾಗ, ಗಾಂಧಾರಿ ಕಡೆಯ ಮಗನನ್ನೂ ಮುಟ್ಟಿದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವಳು ಇನ್ನೂ ಮುಂದೆ ನೀರಿನ ಅಂಚಿಗೆ ತೆವಳಿ, ಬರೀ ಉಸುಕಿನ ಮೇಲೆ ಯಾರದೋ ಹಣೆ ಸವರಿದಳು. ಕೆನ್ನೆ, ಗದ್ದ, ಎಡಗಿವಿ. ಕಿವಿಯ ಹಿಂದೆ ಬೆರಳು ನಿಂತಿತು. ಬಸ್ಯಾನಿಗೆ ಅಲ್ಲೊಂದು ನರೂಲಿ ಇತ್ತು. ಅವಳಿಗೆ ಯಾರೋ ಹೇಳಿರಬೇಕೆಂದು ಆಮೇಲೆ ಎಲ್ಲರನ್ನೂ ಕೇಳಿ ನೋಡಿದೆ, ಯಾರೂ ಹೇಳಿರಲಿಲ್ಲ.

ಹುಡುಗರನ್ನು ಅವರವರ ಮನೆಯವರು ಕರೆದು ಎಬ್ಬಿಸಿದರು. ಸೂಜಿನ್ ಮಾತ್ರ ನೀರಿನ ಅಂಚಿನಿಂದ ಏಳಲಿಲ್ಲ, ಕಣ್ಣಿನ ಬಟ್ಟೆಯನ್ನೂ ಬಿಚ್ಚಲಿಲ್ಲ. ಆಗ ಹೆಂಗಸರ ನಡುವಿನಿಂದ ಅವ್ವ ಎದ್ದು ಬಂದಳು. “ಬಸ್ಯಾ, ಏಳೋ ನನ್ನಪ್ಪಾ, ಮನಿಗಿ ಹೋಗೂಣು” ಎಂದಳು. ಉಸುಕು ಇದ್ದ ಹಾಗೇ ಇತ್ತು. ಅವ್ವ ಬಹಳ ಹೊತ್ತು ಕಾದಳು. ಆಮೇಲೆ “ಹೋಗ್ಯಾನ” ಎಂದು ಅಲ್ಲೇ ಕುಸಿದು ಅತ್ತಳು. ಅಯ್ಯೋ, ಆ ಅಳು ಯಾವ ಮಗನ ಕಿವಿಗೂ ಬೀಳಬಾರದು. ಮರುದಿನ ಅವಳು ರೊಟ್ಟಿ ಮುಚ್ಚಿಡಲಿಲ್ಲ. ತಮ್ಮನ ಕಾರ್ಯ ಮಾಡಿ ಮುಗಿಸಿದೆವು.

ಸೂಜಿನ್ ಹೊರಡುವಾಗ ಹರಕುಮುರುಕು ಹಿಂದಿಯಲ್ಲಿ ನನ್ನನ್ನು ಕೇಳಿದಳು: “ನೀರಿನ ಹತ್ತಿರ ಮಲಗಿದ್ದ ಆ ಹುಡುಗ ಯಾರು? ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದ. ನಿಮ್ಮ ತಾಯಿ ಕರೆದ ಕೂಡಲೇ ಕೈ ಬಿಟ್ಟು ಎದ್ದನಲ್ಲ, ಕಣ್ಣಿನ ಬಟ್ಟೆ ಬಿಚ್ಚಿ ನೋಡಿದರೆ ಎಲ್ಲೂ ಕಾಣಲಿಲ್ಲ.”

ಇದನ್ನು ನಾನು ಅವ್ವನಿಗೆ ಇನ್ನೂ ಹೇಳಿಲ್ಲ. ಹೇಳಿದರೆ, ಎದ್ದ ಮಗ ಮನೆಗೆ ಬಂದಾನೆಂದು ನಾಳೆಯಿಂದ ಮತ್ತೆ ರೊಟ್ಟಿ ಮುಚ್ಚಿಡುತ್ತಾಳೆ. ಹೇಳದಿದ್ದರೆ, ತಾನು ಕರೆದರೂ ಮಗ ಏಳಲಿಲ್ಲ ಎಂದುಕೊಂಡೇ ಹೋಗಿಬಿಡುತ್ತಾಳೆ.