ಅಂಕವಿಲ್ಲದ ಆಟ, ಸಹಿಯಿಲ್ಲದ ಸಾಲು

ನಮ್ಮ ಅರ್ಜಿಯನ್ನು ತಿದ್ದಿದವರು ನೀವು. ತಿದ್ದಿ, ಮೊಹರು ಹಾಕಿ ಕಳಿಸಿ, ಆಮೇಲೆ ತಪ್ಪನ್ನು ನಾಲ್ವರು ವಿದ್ಯಾರ್ಥಿಗಳ ತಲೆಗೆ ಕಟ್ಟಿದವರೂ ನೀವೇ. ಸಿಂದಗಿಯಲ್ಲಿ ನಾನು ಓದಿದ ಪದವಿ ಕಾಲೇಜಿನ ಕಚೇರಿಯಲ್ಲಿ ಅಂದು ಕುಳಿತಿದ್ದವರಿಗೆ ಈ ಮಾತು ಹೇಳುತ್ತಿದ್ದೇನೆ. ಹೆಸರು ಹಿಡಿದು ಹೇಳಲಾರೆ. ಬರೆದವರು ತಮ್ಮ ಹೆಸರು ಹಾಕಿಲ್ಲ.

ಓದುಗರೇ, ಇಷ್ಟು ಬಿಸಿಯಾಗಿ ಆರಂಭಿಸಿದ್ದಕ್ಕೆ ನೀವಾದರೂ ಕ್ಷಮಿಸಬೇಕು. ಕಳೆದ ವಾರ ಒಂದು ಪ್ರಮಾಣಪತ್ರಕ್ಕಾಗಿ ಆ ಕಾಲೇಜಿಗೆ ಹೋಗಿದ್ದೆ. ಗುಮಾಸ್ತರು ನನ್ನ ಕಡತ ಹುಡುಕುತ್ತ ಬೇರೆ ಕಡತಗಳನ್ನೆಲ್ಲ ಮೇಜಿನ ಮೇಲೆ ಪೇರಿಸಿದರು. ಧೂಳು, ಗೋಂದು, ಒದ್ದೆಯಾಗಿ ಒಣಗಿದ ಕಾಗದ ಸೇರಿ ಏಳುವ ಕಚೇರಿಯ ವಾಸನೆ ನಿಮಗೂ ಗೊತ್ತು. ಎರಡು ಸಲ ಸೀನಿ, ಕೈಗೆ ಸಿಕ್ಕ ಮೊದಲ ಕಡತವನ್ನು ಬಿಚ್ಚಿದೆ. ಮೇಲಿದ್ದದ್ದು ವಿದ್ಯಾರ್ಥಿಗಳ ವಿಡಿಯೊ ಗೇಮ್ ವಿನ್ಯಾಸ ಸ್ಪರ್ಧೆಗೆ ಕೆಲವು ವರ್ಷಗಳ ಹಿಂದೆ ನಾವು ಸಲ್ಲಿಸಿದ ಅರ್ಜಿ. ಸ್ಪರ್ಧೆಯವರು ಷರಾ ಬರೆದು ಹಿಂದಿರುಗಿಸಿದ್ದರು. ಅಕ್ಷರ ನನ್ನದು, ಕಪ್ಪು ಶಾಯಿ. ‘ಅಂಕ ನೀಡುವ ವಿಧಾನ’ ಎಂಬ ಚೌಕದಲ್ಲಿ ಮಾತ್ರ, ನೀಲಿ ಶಾಯಿಯಲ್ಲಿ, ಯಾರದೋ ಗುಂಡಗಿನ ಅಕ್ಷರದಲ್ಲಿ ಒಂದು ಸಾಲಿತ್ತು: ‘ಪ್ರತಿ ಕುರಿಗೆ ಹತ್ತು ಅಂಕ.’

ಆ ಚೌಕವನ್ನು ನಾನು ಖಾಲಿ ಬಿಟ್ಟಿದ್ದೆ.

“ಯಾರ ಅಕ್ಷರರೀ ಇದು?” ಎಂದು ಕೇಳಿದೆ.

“ಹಳೇ ಕಾಗದರಿ. ಯಾರ್ಯಾರೋ ಬರದಿರ್ತಾರ,” ಎಂದರು ಗುಮಾಸ್ತರು. ಅವರು ಹೊಸಬರು. ಅವರ ಮೇಲೆ ನನ್ನ ಸಿಟ್ಟಿಲ್ಲ.

ಒಂದು ಕುರಿಗೆ ಹತ್ತು ಅಂಕ ಎಂದು ಬರೆದದ್ದು ಅಂಥ ದೊಡ್ಡ ಅಪರಾಧವೇ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಹೇಳಬೇಕಾದರೆ ಬೀರಪ್ಪನಿಂದ ಆರಂಭಿಸಬೇಕು.

ಬೀರಪ್ಪ ಮುದ್ದೇಬಿಹಾಳದ ಕಡೆಯವನು, ಕುರಿ ಸಾಕುವ ಮನೆಯ ಮಗ, ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಿನವನು. ಜೋಳದ ಸುಗ್ಗಿ ಮುಗಿದ ಮೇಲೆ ಅವನ ಮನೆಯವರು ಕುರಿ ಹೊಡೆದುಕೊಂಡು ತಾಳಿಕೋಟೆ, ದೇವರ ಹಿಪ್ಪರಗಿ ದಾಟಿ ಇಂಡಿ ತಾಲೂಕಿನ ಸೀಮೆಯವರೆಗೆ ನಡೆಯುತ್ತಾರೆ. ಕೊಯ್ಲಾದ ಹೊಲದಲ್ಲಿ ಬಲೆಯ ಹಟ್ಟಿ ಹಾಕಿ ಕುರಿಗಳನ್ನು ನಿಲ್ಲಿಸುತ್ತಾರೆ. ಗೊಬ್ಬರ ಹೊಲದವರಿಗೆ, ಬದಲಿಗೆ ಒಂದಿಷ್ಟು ಜೋಳ ಕುರಿಯವರಿಗೆ. ಸ್ಪರ್ಧೆಯ ಪ್ರಕಟಣೆ ಬಂದಾಗ ಯುದ್ಧ, ಕಾರು, ರಾಕ್ಷಸರು ಎಂದು ನಾವು ಮೂವರು ಕೂಗಾಡುತ್ತಿದ್ದೆವು. ಬೀರಪ್ಪ ತನ್ನ ಈ ನಡಿಗೆಯನ್ನು ಐದಾರು ವಾಕ್ಯಗಳಲ್ಲಿ ಹೇಳಿದ. ಆಟ ಸಿಕ್ಕಿತ್ತು. ‘ಹಟ್ಟಿ’ ಎಂದು ಹೆಸರಿಟ್ಟೆವು.

ಮೂವರು ಎಂದೆನಲ್ಲ, ಉಳಿದವರನ್ನೂ ಹೇಳಿಬಿಡುತ್ತೇನೆ. ಬಸವನ ಬಾಗೇವಾಡಿಯ ಗೌತಮ ಅಂಗಡಿಗಳ ಬೋರ್ಡು ಬರೆಯುವ ತಂದೆಯ ಮಗ. ತನ್ನ ಮನೆಯ ಗೋಡೆಗೆ ಬುದ್ಧನನ್ನು ತಾನೇ ಬರೆದವನು, ಈಗ ನಮ್ಮ ಕುರಿಗಳನ್ನು ಬರೆಯಬೇಕಾಗಿತ್ತು. ಇಂಡಿಯ ಶಾಂತಾ ನಿಂಬೆ ತೋಟದ ಮನೆಯವಳು. ಪ್ರೋಗ್ರಾಂ ಬರೆಯುವುದನ್ನು ಫೋನಿನಲ್ಲಿಯೇ ನೋಡಿ ಕಲಿತವಳು. ನಾನು ಸಿಂದಗಿ ಊರಿನವನೇ, ಕಥೆ ಬರೆಯುವ ಹೊಣೆ ನನ್ನದು. ಕುರಿಗಾರನ ಅಂತರಂಗ, ಕರಿನೆಲದ ಮೌನ ಎಂದೆಲ್ಲ ಹಾಳೆಗಟ್ಟಲೆ ಬರೆದು ತಂದಿದ್ದೆ. ಶಾಂತಾ ಪೂರ್ತಿ ಓದಿದಳು, ತಾಳ್ಮೆಯಿಂದ.

“ಏನ್ರಿ ಸಾಹಿತಿಗಳ, ಇದನ್ನ ಓದೂದರಾಗ ಕುರಿ ಇಂಡಿ ಮುಟ್ಟಿರ್ತಾವ,” ಎಂದಳು.

ಕೊನೆಗೆ ಆಟದಲ್ಲಿ ಉಳಿದದ್ದು ಒಂದೇ ವಾಕ್ಯ. ಅದೂ ನನ್ನದಲ್ಲ, ಬೀರಪ್ಪನ ತಾಯಿಯದು. ಬೆಳಗ್ಗೆ ಹಟ್ಟಿ ಬಿಚ್ಚುವಾಗ ಅವರು ಕೇಳುವ ಮಾತು: ‘ಎಲ್ಲಾರೂ ಬಂದಾರೇನು?’

ಕುರಿಗಳು ಎಷ್ಟು ಎಂದು ಅವರು ಕೇಳುವುದಿಲ್ಲ. ಆ ಮನೆಯಲ್ಲಿ ಕುರಿಗಳನ್ನು ಎಣಿಸುವ ಪದ್ಧತಿಯೇ ಇಲ್ಲ. ಎಣಿಸಿದರೆ ಕಡಿಮೆಯಾಗುತ್ತವೆ ಎಂಬ ನಂಬಿಕೆ. ನಾನು ಆಗ ವಿಚಾರವಾದದ ಹೊಸ ಬಿಸಿಯಲ್ಲಿದ್ದೆ. “ಮತ್ತ ಒಂದು ಕಳದರ ಹ್ಯಾಂಗ ಗೊತ್ತಾಗತೈತಿ?” ಎಂದು ಸವಾಲು ಹಾಕಿದೆ.

“ಮನ್ಯಾಗ ಊಟಕ್ಕ ಕುಂತಾಗ ನಿಮ್ಮವ್ವ ಎಣಸತಾಳೇನು?” ಎಂದ ಬೀರಪ್ಪ. “ಯಾರು ಬಂದಿಲ್ಲ ಅಂತ ಗೊತ್ತಾಗೂದಿಲ್ಲ ಆಕಿಗೆ?”

ಮುಂದಿನ ಸಂಕಷ್ಟ ಗೌತಮನದು. “ಎಲ್ಲಾ ಕರೀನ ಅದಾವಲ್ಲೋ, ಬ್ಯಾರೆ ಬ್ಯಾರೆ ಹ್ಯಾಂಗ ಬರೀಲಿ?” ಎಂದು ತಲೆ ಕೆರೆದುಕೊಂಡ.

“ಕಾಲೇಜಿನ್ಯಾಗ ಎಲ್ಲಾರೂ ಒಂದ ನಮೂನಿ ಅಂಗಿ ಹಾಕ್ಕೊಂಡ ಬರ್ತೀರಿ. ನಿನ್ನ ಮಾರಿ ಗುರ್ತ ಹಿಡೀತೇನಿಲ್ಲೋ ನಾ? ಇದಕ್ಕಿಂತ ಅವು ಚಂದ ಅದಾವ,” ಎಂದ ಬೀರಪ್ಪ.

ಮರುವಾರ ಗೌತಮ ಬೀರಪ್ಪನ ಊರಿಗೆ ಹೋಗಿ ನಾಲ್ಕು ದಿನ ಹಟ್ಟಿಯ ಪಕ್ಕದಲ್ಲಿ ಕುಳಿತು ಬಂದ. ಬಿಳಿಕಿವಿಯದು, ಹಣೆಯಲ್ಲಿ ಚುಕ್ಕೆಯದು, ಕೋಡು ಮುರಿದ ಟಗರು, ಯಾವಾಗಲೂ ಮುನಿಸಿಕೊಂಡಂತೆ ಕಾಣುವ ಒಂದು ಮುದಿ ಕುರಿ, ಹೀಗೆ ಒಂದೊಂದಕ್ಕೂ ಒಂದು ಮುಖ ತಂದಿದ್ದ. ಒಟ್ಟು ಎಷ್ಟು ಬರೆದ ಎಂದು ನನ್ನನ್ನು ಕೇಳಬೇಡಿ; ನಾನೂ ಎಣಿಸಲಿಲ್ಲ. ಅಷ್ಟು ಸಣ್ಣ ಪರದೆಯಲ್ಲಿ, ಬೆರಳುಗುರಿನಷ್ಟು ಜಾಗದಲ್ಲಿ, ಒಂದು ಕರಿ ಕುರಿಯನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸಿದ ಆ ಕೈಯನ್ನು ನಾನು ಇಂದಿಗೂ ಗೌರವಿಸುತ್ತೇನೆ.

ಇದನ್ನೆಲ್ಲ ಎಲ್ಲಿ ಮಾಡಿದೆವು ಎಂಬುದನ್ನೂ ಹೇಳಬೇಕು. ಕಾಲೇಜಿನಲ್ಲಿ ಗಣಕಯಂತ್ರಗಳ ಕೋಣೆಯಿತ್ತು. ತಪಾಸಣೆಗೆ ಯಾರಾದರೂ ಬಂದ ದಿನ ಅದರ ಬಾಗಿಲು ತೆರೆಯುತ್ತಿತ್ತು, ಉಳಿದ ದಿನ ಬೀಗ. ಕೀಲಿ ಕೇಳಿದರೆ “ನೀವು ಕೆಡಸ್ತೀರಿ” ಎಂಬ ಉತ್ತರ. ಹೀಗಾಗಿ ನಮ್ಮ ಆಟ ಹುಟ್ಟಿದ್ದು ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ ಅಂಗಡಿಯ ಕಾಕಾ ತಮ್ಮ ಒಂದೇ ಕಂಪ್ಯೂಟರನ್ನು ಶಾಂತಾಳಿಗೆ ಬಿಟ್ಟುಕೊಡುತ್ತಿದ್ದರು. ಕರೆಂಟು ಹೋದಾಗ ಅವಳು ಮುಂದಿನ ಸಾಲುಗಳನ್ನು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಗ್ರಂಥಾಲಯದಲ್ಲಿ ಕುಳಿತು ಹಾಳೆಗಟ್ಟಲೆ ಮೌನ ಬರೆದವನು ನಾನು. ಅವಳು ಬಸ್ಸಿನ ಹಾರನ್ನಿನ ನಡುವೆ ಕುಳಿತು ಕುರಿಗಳಿಗೆ ನಡೆಯಲು ಕಲಿಸಿದಳು.

ಮೊದಲ ಬಾರಿ ಆಡಿದವರು ಅಂಗಡಿಯ ಕಾಕಾ. ಕುರಿ ಹೊಡೆದುಕೊಂಡು ಹೊರಟರು, ತೊಗರಿ ಹೊಲಕ್ಕೆ ನುಗ್ಗದಂತೆ ಜಾಣತನದಿಂದ ತಪ್ಪಿಸಿದರು, ಹೊಲದವರನ್ನು ಕೇಳಿ ಹಟ್ಟಿ ಹಾಕಿದರು. ಬೆಳಗಾಯಿತು. ‘ಎಲ್ಲಾರೂ ಬಂದಾರೇನು?’ ಎಂದು ಆಟ ಕೇಳಿತು. ಹೌದು ಎಂದು ಒತ್ತಿ ಮುಂದೆ ನಡೆದರು. ಸ್ವಲ್ಪ ಹೊತ್ತಿಗೆ ಅವರ ಕೈ ನಿಂತಿತು.

“ಏ ಶಾಂತವ್ವ, ಆ ಬಿಳಿಕಿವಿ ಯಾಕ ಹೊಳ್ಳಿ ಹೊಳ್ಳಿ ನೋಡಾಕತ್ತೈತಿ?”

“ನೀವ ಹೇಳ್ರಿ ಕಾಕಾ.”

ಕಾಕಾ ಪರದೆಗೆ ಮುಖ ಹತ್ತಿರ ತಂದರು. ಅದರ ಮರಿ ಹಿಂದಿನ ಹೊಲದಲ್ಲೇ ಉಳಿದಿತ್ತು. ಗಂಟೆ ಬಾರಿಸಲಿಲ್ಲ, ಕೆಂಪು ದೀಪ ಮಿನುಗಲಿಲ್ಲ, ಯಾವ ಸಂಖ್ಯೆಯೂ ಇಳಿಯಲಿಲ್ಲ. ಒಂದು ತಾಯಿ ಕುರಿ ಮಾತ್ರ ತಿರುತಿರುಗಿ ನೋಡುತ್ತಿತ್ತು. ಆಧಾರ್ ಕಾರ್ಡಿನ ಪ್ರತಿಗಾಗಿ ಬಂದವರು ಬಾಗಿಲಲ್ಲಿ ನಿಂತು ಕೂಗುತ್ತಿದ್ದರೂ ಕಾಕಾ ಕುರಿಗಳನ್ನು ಹಿಂದಕ್ಕೆ ಹೊಡೆದುಕೊಂಡು ಹೋದರು. ನಾನು ಶಾಂತಾಳ ಮುಖ ನೋಡಿದೆ. ಅವಳು ಆಗಲೇ ನೋಟುಬುಕ್ಕಿನಲ್ಲಿ ಏನನ್ನೋ ತಿದ್ದುತ್ತಿದ್ದಳು.

ಅಂತಿಮ ಸುತ್ತಿನಲ್ಲಿ ಗೆದ್ದ ತಂಡಕ್ಕೆ ಆರು ತಿಂಗಳ ತರಬೇತಿಯೆಂದು ಪ್ರಕಟಣೆಯಲ್ಲಿತ್ತು. ಶಾಂತಾಳಿಗೆ ಬೇಕಿದ್ದದ್ದು ಅದೊಂದೇ. “ಯಾರರ ನನ್ನ ಬಾಜೂಕ ಕುಂತು ಇಲ್ಲಿ ತಪ್ಪೈತಿ ಅಂತ ಹೇಳಬೇಕು. ಫೋನ್ ಹೇಳೂದಿಲ್ಲ,” ಎನ್ನುತ್ತಿದ್ದಳು.

ಅರ್ಜಿ ತುಂಬಿದವನು ನಾನು. ಅಂಕದ ಚೌಕಕ್ಕೆ ಬಂದಾಗ ‘ಇಲ್ಲ’ ಎಂದು ಬರೆಯಲು ಹೊರಟೆ. ಬೀರಪ್ಪ ಕೈ ಹಿಡಿದ. “ಕುರಿ ಮಾತಿನ್ಯಾಗ ‘ಇಲ್ಲ’ ಅಂತ ಬರೀಬ್ಯಾಡ. ಖಾಲಿ ಬಿಡು.” ನಮ್ಮ ಮನೆಗಳಲ್ಲೂ ಜೋಳ ತೀರಿದರೆ ‘ಇಲ್ಲ’ ಎನ್ನುವುದಿಲ್ಲ, ‘ಹೆಚ್ಚಾಗೈತಿ’ ಎನ್ನುತ್ತೇವೆ. ಆ ಸಂಕೋಚ ನನಗೂ ಹೊಸದಲ್ಲ. ಖಾಲಿ ಬಿಟ್ಟೆ. ಅರ್ಜಿಯ ಚೌಕಕ್ಕೆ ನಮ್ಮ ಸಂಕೋಚಗಳು ತಿಳಿಯುವುದಿಲ್ಲ ಎಂಬುದನ್ನು ನಾನಾದರೂ ಯೋಚಿಸಬೇಕಿತ್ತು. ಅದು ನನ್ನ ತಪ್ಪು, ಒಪ್ಪುತ್ತೇನೆ. ಮೊಹರಿಗಾಗಿ ಅರ್ಜಿಯನ್ನು ಕಚೇರಿಗೆ ಕೊಟ್ಟೆವು. ಕಚೇರಿಯೇ ಅದನ್ನು ಅಂಚೆಗೆ ಹಾಕಿತು.

ಆಯ್ಕೆಯಾಗಿ ಅಂತಿಮ ಸುತ್ತಿಗೆ ಹುಬ್ಬಳ್ಳಿಗೆ ಹೋದೆವು. ತೀರ್ಪುಗಾರರಲ್ಲಿ ಒಬ್ಬರು ಮಹಿಳೆ, ಬಹಳ ಹೊತ್ತು ಆಡಿದರು. ಬಿಳಿಕಿವಿ ತಿರುಗಿ ನೋಡಿದಾಗ ಅವರೂ ಹಿಂದಕ್ಕೆ ಹೋದರು. ನಮ್ಮ ಎದೆ ಉಬ್ಬಿತು. ಆಮೇಲೆ ಅವರು ಅರ್ಜಿ ತೆರೆದರು.

“ಪ್ರತಿ ಕುರಿಗೆ ಹತ್ತು ಅಂಕ ಅಂತ ಬರೆದಿದ್ದೀರಲ್ಲ. ಸ್ಕೋರ್ ಎಲ್ಲಿ ಕಾಣಿಸುತ್ತೆ?”

ಮೂವರೂ ನನ್ನತ್ತ ತಿರುಗಿದರು. ಬರೆದವನು ನಾನೇ ತಾನೇ. ಆಟಕ್ಕೆ ಒಂದು ಸಂಖ್ಯೆ ಬೇಕು ಎಂದು ಮೊದಲಿನಿಂದ ವಾದಿಸಿದ್ದೂ ನಾನೇ. “ನಾ ಬರದಿಲ್ಲ,” ಎಂದೆ. ಆ ಸಭಾಂಗಣದಲ್ಲಿ ನನ್ನ ದನಿ ನನಗೇ ಸುಳ್ಳೆನಿಸಿತು. ಅರ್ಜಿಯನ್ನು ಕೈಗೆ ಕೊಡಿ, ಅಕ್ಷರ ನೋಡುತ್ತೇನೆ ಎಂದು ಕೇಳಲು ಆಗ ನನಗೆ ಹೊಳೆಯಲಿಲ್ಲ.

“ಅರ್ಜಿಯಲ್ಲಿ ಇದ್ದದ್ದು ಆಟದಲ್ಲಿ ಇರಲೇಬೇಕು, ಇಲ್ಲದಿದ್ದರೆ ಅನರ್ಹ. ಒಂದು ಗಂಟೆ ಕೊಡ್ತೀನಿ, ಸೇರಿಸಿ ತೋರಿಸಿ,” ಎಂದರು ಆಕೆ. ನಿಯಮದೊಳಗೆ ಅವರು ಮಾಡಬಹುದಾದಷ್ಟು ಮಾಡಿದರು.

ಒಂದು ಗಂಟೆ ಬೇಕಿರಲಿಲ್ಲ, ಶಾಂತಾಳಿಗೆ ಹತ್ತು ನಿಮಿಷ ಸಾಕಿತ್ತು. ಸೇರಿಸು ಎಂದು ನಾನು ಬೇಡಿಕೊಂಡೆ. ಬೀರಪ್ಪ ಬಂದು ಅವಳ ಪಕ್ಕ ನಿಂತ.

“ಹಾಕ ಶಾಂತಾ. ನಾ ಆ ಕಡೆ ಮಾರಿ ಮಾಡಿ ನಿಲ್ಲತೇನಿ. ಕುರಿಗೆ ಏನೂ ಆಗೂದಿಲ್ಲ, ಅವ್ವಗ ನಾ ಹೇಳ್ಕೊತೇನಿ.”

ಅವನಿಗೆ ಆ ಮಾತು ಎಷ್ಟು ಭಾರವಾಗಿತ್ತೆಂದು ನಮಗೆ ಗೊತ್ತಿತ್ತು. ಶಾಂತಾಳಿಗೂ ಗೊತ್ತಿತ್ತು. ಅವಳು ಕೀಲಿಮಣೆಯಿಂದ ಕೈ ತೆಗೆದಳು.

“ನಿನ್ನ ಸಲುವಾಗಿ ಅಲ್ಲೋ ಬೀರಪ್ಪ,” ಎಂದಳು. “ಮೂಲ್ಯಾಗ ನಂಬರ್ ಬಂತಂದ್ರ ಆಡಾವ್ರು ನಂಬರ್ ನೋಡ್ತಾರ. ಬಿಳಿಕಿವಿನ್ನ ಯಾರು ನೋಡ್ತಾರ? ಆಟ ಸತ್ತ ಮ್ಯಾಲೆ ಗೆದ್ದು ಏನ್ ಮಾಡ್ಲಿ?”

ಎದ್ದು ಹೋಗಿ ತೀರ್ಪುಗಾರರಿಗೆ ತಾನೇ ಹೇಳಿ ಬಂದಳು. ನಾವು ಅನರ್ಹರಾದೆವು. ಆ ವರ್ಷದ ಕಾಲೇಜು ವರದಿಯಲ್ಲಿ ‘ವಿದ್ಯಾರ್ಥಿಗಳು ತಪ್ಪು ಮಾಹಿತಿ ನೀಡಿದ್ದರಿಂದ’ ಎಂದು ಅಚ್ಚಾಯಿತು.

ಮುಂದೆ ನಾನು ಸೇರಿದ ವಿಶ್ವವಿದ್ಯಾಲಯದಲ್ಲಿ ಕಲೆ, ಪ್ರಾಮಾಣಿಕತೆ ಎಂಬ ವಿಷಯಗಳ ಮೇಲೆ ದೊಡ್ಡ ದೊಡ್ಡ ಭಾಷಣ ಕೇಳಿದ್ದೇನೆ, ಒಂದೆರಡನ್ನು ನಾನೇ ಬಿಗಿದಿದ್ದೇನೆ. ಆ ಒಂದು ಗಂಟೆಯಲ್ಲಿ ಕಂಡಷ್ಟು ಅಲ್ಲೆಲ್ಲೂ ಕಾಣಲಿಲ್ಲ.

ಕಳೆದ ವಾರ ಕಾಲೇಜಿನ ಮೆಟ್ಟಿಲ ಮೇಲೆಯೇ ಕುಳಿತು ಶಾಂತಾಳಿಗೆ ಫೋನ್ ಮಾಡಿದೆ. ಇಂಡಿಯಲ್ಲಿ ಅವಳೀಗ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ನೀಲಿ ಶಾಯಿಯ ಸಂಗತಿ ಹೇಳಿ, “ಇಷ್ಟು ವರ್ಷ ನನ್ನ ಮ್ಯಾಲೆ ಸಂಶಯ ಇತ್ತೇನು?” ಎಂದೆ.

“ಇತ್ತು,” ಎಂದಳು. “ಆದ್ರೂ ನಿನ್ನ ಜೋಡಿ ಮಾತು ಬಿಟ್ಟಿದ್ದಿಲ್ಲಲ್ಲ.”

ನಾನು ತಪ್ಪಿತಸ್ಥನಲ್ಲ ಎಂಬ ಸಮಾಧಾನಕ್ಕಾಗಿ ಕರೆ ಮಾಡಿದ್ದೆ. ತಪ್ಪಿತಸ್ಥನೆಂದು ತಿಳಿದೂ ಮೂವರು ನನ್ನನ್ನು ಜೊತೆಗೇ ಇಟ್ಟುಕೊಂಡಿದ್ದರು ಎಂಬುದು ಆಗ ತಿಳಿಯಿತು. ನನ್ನ ಹೆಸರಿನ ಕಳಂಕ ತೊಳೆಯಲೆಂದು ಈ ಪ್ರಬಂಧ ಆರಂಭಿಸಿದ್ದರೆ, ಅದನ್ನು ಇಲ್ಲಿಗೇ ಬಿಡಬಹುದಿತ್ತು. ಈಗ ಕೇಳುತ್ತಿರುವುದು ಅವರಿಗಾಗಿ.

ಆದ್ದರಿಂದ ಕಾಲೇಜಿನ ಪ್ರಾಚಾರ್ಯರಲ್ಲಿ ನನ್ನ ವಿನಂತಿ. ನಮ್ಮ ಅರ್ಜಿಯಲ್ಲಿ ಆ ಸಾಲು ಬರೆದವರು ಯಾರು, ಯಾರ ಅಪ್ಪಣೆಯಿಂದ ಬರೆದರು ಎಂಬುದನ್ನು ವಿಚಾರಿಸಿ ಲಿಖಿತ ಉತ್ತರ ಕೊಡಬೇಕು. ವರದಿಯ ಆ ವಾಕ್ಯವನ್ನು ಮುಂದಿನ ವರದಿಯಲ್ಲಿ ತಿದ್ದಿ, ಶಾಂತಾ, ಬೀರಪ್ಪ, ಗೌತಮ ಎಂಬ ಹೆಸರುಗಳೊಂದಿಗೆ ಅಚ್ಚು ಹಾಕಬೇಕು. ಗಣಕಯಂತ್ರಗಳ ಕೋಣೆ ಪ್ರತಿದಿನ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಸೂಚನಾ ಫಲಕದಲ್ಲಿ ಬರೆದು, ಬರೆದಂತೆ ತೆರೆಯಬೇಕು. ಸ್ಪರ್ಧೆ ನಡೆಸುವವರು ಈ ತಿದ್ದುಪಡಿಯನ್ನು ಪರಿಶೀಲಿಸಿ, ‘ಹಟ್ಟಿ’ಯನ್ನು ಇದ್ದಂತೆಯೇ ಮತ್ತೊಮ್ಮೆ ತೋರಿಸಲು ಶಾಂತಾಳನ್ನು ಕರೆಸಬೇಕು. ಚೌಕವನ್ನು ಖಾಲಿ ಬಿಟ್ಟದ್ದಕ್ಕೆ ನನ್ನ ಉತ್ತರವನ್ನು ಮೇಲೆ ಕೊಟ್ಟಿದ್ದೇನೆ. ಅದನ್ನು ತುಂಬಿದ್ದಕ್ಕೆ ದಯವಿಟ್ಟು ನೀವು ಕೊಡಿ.