ಅಜ್ಜಿ ಕೂರಿಸಿದ ಕಬ್ಬಿಣದ ಒಲೆ

ಯುದ್ಧ ಮುಗಿದ ವರ್ಷ ಮಂಡ್ಯದ ಇಂಗ್ಲಿಷ್ ದೊರೆಯೊಬ್ಬರು ಸಾಮಾನೆಲ್ಲ ಮಾರಿ ತಮ್ಮ ದೇಶಕ್ಕೆ ಹೊರಟರು. ಗೋಡೆಯೊಳಗೆ ಕೂರಿಸಿ ಬ್ರೆಡ್ಡು ಬೇಯಿಸುವ ಕಬ್ಬಿಣದ ಒಲೆಗಳು ಎರಡಿದ್ದವು. ಪೂರಿಗಾಲಿಯ ಗೌಡರು ಎತ್ತಿನ ಹಲ್ಲು ನೋಡುವವರಂತೆ ಬಾಗಿಲು ತೆಗೆದು ಇಣುಕಿ, ಹೆಚ್ಚು ಭಾರವಿದ್ದದ್ದನ್ನೇ ಆರಿಸಿದರು. ಅವರ ಮನೆಯಲ್ಲಿ ಬ್ರೆಡ್ಡು ತಿಂದವರು ಯಾರೂ ಇರಲಿಲ್ಲ, ಅದು ಬೇರೆ ಮಾತು.

ಅದನ್ನು ಕೂರಿಸಲು ಮದ್ದೂರಿನಿಂದ ಮೆಕ್ಯಾನಿಕ್ಕಾದ ನಾನು ಹೋದೆ. ಗೌಡರ ತಾಯಿ ಅಡುಗೆಮನೆಯ ಹೊಸಿಲಲ್ಲೇ ಕೂತಿದ್ದರು.

"ಒಳಿಕ್ಕೆ ಕಾಲಿಡ್ಬ್ಯಾಡ ಸಾಬಣ್ಣ. ನಮ್ಮನೇಲಿ ಆಗಾಕಿಲ್ಲ."

"ಒಳಗೆ ಬರದೆ ಹೆಂಗವ್ವ ಕೂರಿಸೋದು?"

"ಗ್ವಾಡೆಗೆ ಎಲ್ಡು ಮಗ್ಗುಲು ಅವಲ್ಲ. ಆಚೆಯಿಂದ ಕೂರ್ಸು."

ನ್ಯಾಯವಾದ ಮಾತು. ಹಿತ್ತಲ ಕಡೆಯಿಂದ ಗೋಡೆ ಒಡೆದು ಒಲೆಯನ್ನು ಒಳಕ್ಕೆ ತಳ್ಳಿದೆ. ಆದರೆ ನಟ್ಟು ಬಿಗಿಯಬೇಕಾದದ್ದು ಅಡುಗೆಮನೆಯೊಳಗಿಂದ. ಒಲೆಯ ಪಕ್ಕದ ಸಂದಿಯಲ್ಲಿ ಸ್ಪ್ಯಾನರ್ ದಾಟಿಸಿದೆ. ಅಜ್ಜಿ ಅದರ ಮೇಲೆ ನೀರು ಚಿಮುಕಿಸಿ ಕೈಗೆ ತಗೊಂಡರು. ನನಗಿಲ್ಲದ ಮಡಿ ನನ್ನ ಸ್ಪ್ಯಾನರಿಗೆ ಸಿಕ್ಕಿತು.

ಮಧ್ಯಾಹ್ನದವರೆಗೂ ನಾನು ಹಿತ್ತಲಲ್ಲಿ ನಿಂತು, "ಬಲಕ್ಕೆ ತಿರುಗಿಸವ್ವ" ಎಂದು ಕೂಗಿದೆ.

"ಯಾರ ಬಲಕ್ಲಾ, ನಿಂದೋ ನಂದೋ?" ಎಂದು ಅವರು ಒಳಗಿನಿಂದ ಗದರಿದರು.

ಸಂಜೆ ಸೌದೆ ಹತ್ತಿತು, ಒಲೆಯಲ್ಲಿ ಗೆಣಸು ಹದವಾಗಿ ಬೆಂದಿತು. ಮಳವಳ್ಳಿಯಿಂದ ಬಂದಿದ್ದ ನೆಂಟನೊಬ್ಬ ಬೆರಗಾಗಿ, ಇದನ್ನು ಕೂರಿಸಿದ್ದು ಯಾರೆಂದು ಕೇಳಿದ.

"ನಾನೇ ಕಣ್ಲಾ," ಅಂದರು ಅಜ್ಜಿ. "ಆ ಸಾಬಿ ಆಚೆ ನಿಂತ್ಕಂಡು ಬರೀ ಬಾಯ್ ಮಾಡ್ತಿದ್ದ."

ಹಿತ್ತಲಲ್ಲಿ ಕೂತು ಗೆಣಸು ಸುಲಿಯುತ್ತಿದ್ದ ನನಗೂ ಅದು ಕೇಳಿಸಿತು. ಜಗಳ ತೆಗೆಯೋಣವೆಂದರೆ, ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.